ಬೆಳ್ಳುಳ್ಳಿ ತಟ್ಟೆ ಮತ್ತು ಸೀಸನ್ನಿನ ಮೊದಲ ಮ್ಯಾಚು

ಹದಿನೈದು ವರ್ಷಗಳಿಂದ ನಾನೊಂದು ಇಂಗ್ಲಿಷ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ಆದರೆ ಆ ಕ್ಲಬ್ಬು ತನ್ನ ಬದ್ಧ ವೈರಿಯ ಎದುರು ಆಡಿದ ಒಂದೇ ಒಂದು ಮ್ಯಾಚನ್ನೂ ನಾನು ಪೂರ್ತಿ ನೋಡಿರಲಿಲ್ಲ. ನಾನು ನೋಡಿದರೆ ನಮ್ಮವರು ಸೋಲುತ್ತಾರೆ. ಓದಿದವನು, ಕಾರಿನ ಬ್ರೇಕು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವನು, ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ಅದು ಹಾಗೇ ಇತ್ತು.

ಶುರುವಾದದ್ದು ಕರಾವಳಿಯ ಕಾಲೇಜಿನ ಹಾಸ್ಟೆಲಿನಲ್ಲಿ. ನಾನು ಹುಬ್ಬಳ್ಳಿಯಿಂದ ಹೋದವನು, ರೂಮ್‌ಮೇಟ್ ಉಡುಪಿಯವನು. ನನ್ನದು ಕೆಂಪು ಅಂಗಿಯ ಕ್ಲಬ್ಬು, ಅವನದು ನೀಲಿ ಅಂಗಿಯದು. ಹೆಸರು ಹೇಳುವುದಿಲ್ಲ, ಹೇಳಿದರೆ ಓದುವವರಲ್ಲಿ ಅರ್ಧ ಜನ ಈಗಲೇ ಜಗಳಕ್ಕೆ ಬರುತ್ತಾರೆ. ಒಂದು ದಿನ ನಾನು ಟಿವಿ ಕೋಣೆಯ ಹೊಸ್ತಿಲು ದಾಟುವುದಕ್ಕೂ ನೀಲಿಯವರು ಗೋಲು ಹೊಡೆಯುವುದಕ್ಕೂ ಸರಿಹೋಯಿತು. ಮುಂದಿನ ಸಲವೂ ಹಾಗೇ ಆಯಿತು. ಮೂರನೇ ಸಲ ಕೆಂಪು ಅಂಗಿಯವರು ನನ್ನನ್ನು ಬಾಗಿಲಲ್ಲೇ ಹಿಡಿದು, ನಿನ್ನ ಕಾಲ್ಗುಣ ಸರಿಯಿಲ್ಲ, ಹೊರಗೇ ನಿಲ್ಲು ಎಂದರು. ರೂಮ್‌ಮೇಟ್ ಮಾತ್ರ ಒಳಗಿನಿಂದ ಕೈ ಹಿಡಿದು, ಬಾ ಮಾರಾಯ ಬಾ ಎಂದು ಎಳೆಯುತ್ತಿದ್ದ. ನಾಲ್ಕು ವರ್ಷ ನಾನು ವರಾಂಡದಲ್ಲಿ ನಿಂತು, ಒಳಗಿನ ಕೂಗು ಕೇಳಿ ಸ್ಕೋರು ಊಹಿಸಿದೆ.

ಜರ್ಮನಿಯ ಕಾರ್ಲ್ಸ್‌ರುಹೆಗೆ ಬಂದ ಮೇಲೆ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನಾನೇ ತಡೆದುಕೊಂಡೆ. ಮೊದಲ ಚಳಿಗಾಲ, ಮನೆಗೆ ಇನ್ನೂ ಸೋಫಾ ಬಂದಿರಲಿಲ್ಲ. ಹೆಂಡತಿ ಚಾಪೆಯ ಮೇಲೆ ಕೂತು ಚಟ್ನಿಪುಡಿಗೆ ಬೆಳ್ಳುಳ್ಳಿ ಸುಲಿಯುತ್ತ ಟಿವಿ ನೋಡುತ್ತಿದ್ದಳು. ಆಟ ಏನೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಏನೋ ತರಲು ಕೆಲ್ಲರಿಗೆ, ಅಂದರೆ ಕಟ್ಟಡದ ನೆಲಮಾಳಿಗೆಗೆ, ಹೋಗಿ ಬರುವಷ್ಟರಲ್ಲಿ ನಮ್ಮವರು ಎರಡು ಗೋಲು ಹೊಡೆದಿದ್ದರು. ಅಂದಿನಿಂದ ಅದೇ ಪದ್ಧತಿಯಾಯಿತು. ಕೆಂಪು ನೀಲಿ ಮ್ಯಾಚೆಂದರೆ ಅವಳು ಮಡಿಲಲ್ಲಿ ಬೆಳ್ಳುಳ್ಳಿ ತಟ್ಟೆ ಇಟ್ಟುಕೊಂಡು ಟಿವಿ ಮುಂದೆ ಕೂರಬೇಕು, ನಾನು ಕೆಲ್ಲರಿನಲ್ಲಿ ಸೈಕಲ್ಲು, ಚಳಿಗಾಲದ ಟೈರುಗಳ ನಡುವೆ ಕೂರಬೇಕು. ಅಲ್ಲಿ ಫೋನಿಗೆ ಸಿಗ್ನಲ್ ಕೂಡ ಬರುವುದಿಲ್ಲ. ಒಮ್ಮೆ ಕೆಳಗಿನ ಮನೆಯ ವೃದ್ಧೆ ನನ್ನನ್ನು ಅಲ್ಲಿ ಕಂಡು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಿದರು. ನನ್ನ ಜರ್ಮನ್‌ನಲ್ಲಿ ಕಾಲ್ಗುಣ ವಿವರಿಸಲು ಆಗಲಿಲ್ಲ. ಮರುದಿನ ಅವರು ನನ್ನ ಹೆಂಡತಿಯನ್ನು ಅಂಚೆಪೆಟ್ಟಿಗೆಯ ಹತ್ತಿರ ನಿಲ್ಲಿಸಿ, ಏನಾದರೂ ತೊಂದರೆಯಾದರೆ ನಮ್ಮ ಮನೆಗೆ ಬಂದುಬಿಡು ಎಂದರಂತೆ.

ನಿನ್ನ ಕಾಲ್ಗುಣ ಬಲು ಒಳ್ಳೆಯದು ಎಂದು ನಾನು ಅವಳನ್ನು ಹೊಗಳುತ್ತಿದ್ದೆ. ಅದನ್ನೊಂದು ದೊಡ್ಡ ಮರ್ಯಾದೆ ಎಂದೇ ತಿಳಿದಿದ್ದೆ. ವರ್ಷಗಳು ಕಳೆದಂತೆ ಅವಳು ಆಟ ಕಲಿತಳು, ಆಫ್‌ಸೈಡ್ ಯಾವುದೆಂದು ನನಗಿಂತ ಮೊದಲು ಹೇಳುವಷ್ಟು. ನಮ್ಮ ಮ್ಯಾಚಿನಲ್ಲಿ ಯಾರೇ ಗೋಲು ಹೊಡೆದರೂ ಸೀಟಿ ಊದುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡಳು. ಅವಳ ತವರು ಬಾಗಲಕೋಟೆಯ ಬೈಗುಳವೆಲ್ಲ ಬಲಬದಿಯ ಡಿಫೆಂಡರಿಗೆ ಮೀಸಲಾಯಿತು. ನನ್ನ ಕ್ಲಬ್ಬಿನ ನಿಜವಾದ ಅಭಿಮಾನಿ ಮನೆಯಲ್ಲಿ ಅವಳೇ ಆಗಿದ್ದಳು. ನಾನು ಸುದ್ದಿ ಕೇಳುವವನಾಗಿದ್ದೆ.

ಈ ವರ್ಷ ಸೀಸನ್ನಿನ ಮೊದಲ ಮ್ಯಾಚೇ ಕೆಂಪು ನೀಲಿ. ಆಗಸ್ಟ್ ತಿಂಗಳ ಭಾನುವಾರ, ಸಂಜೆ ಐದೂವರೆಗೆ. ಶನಿವಾರವೇ ನಾನು ಟರ್ಕಿಯವರ ಅಂಗಡಿಯಿಂದ ಬೆಳ್ಳುಳ್ಳಿ ತಂದು ಮೇಜಿನ ಮೇಲೆ ಇಟ್ಟೆ. ಅವಳು ಅದನ್ನು ನೋಡಿ, ತೆಗೆದು ಬುಟ್ಟಿಗೆ ಹಾಕಿದಳು. ಈ ಸಲ ನೀವೂ ಕೂತು ನೋಡುವುದಾದರೆ ನೋಡುತ್ತೇನೆ, ಇಲ್ಲದಿದ್ದರೆ ಟಿವಿಯನ್ನೇ ಹಾಕುವುದಿಲ್ಲ ಎಂದಳು. ನನಗೆ ಸಿಟ್ಟು ಬಂತು. ಬೇರೆ ಯಾವ ದಿನವಾದರೂ ಹೇಳು, ಕೂರುತ್ತೇನೆ, ಮೊದಲ ಮ್ಯಾಚಿಗೇ ಯಾಕೆ ಹಟ ಎಂದೆ. ಎಲ್ಲ ಸರಿಯಾಗಿ ನಡೆದಿರುವಾಗ ಯಾಕೆ ಕೆದಕಬೇಕು ಎಂದೆ. ನಿನ್ನ ಕಾಲ್ಗುಣದ ಮೇಲೆ ನನಗಿರುವ ನಂಬಿಕೆ ನಿನಗೇ ಇಲ್ಲವಲ್ಲ ಎಂದೂ ಅಂದುಬಿಟ್ಟೆ.

ಅವಳು ಕೈ ಒರೆಸಿಕೊಂಡು ಎದುರಿಗೆ ಕೂತಳು. ದನಿ ಏರಿಸಲಿಲ್ಲ.

"ನಿಮ್ಮ ಅತ್ತಿ ನನ್ನ ಕಾಲ್ಗುಣ ಕೆಟ್ಟದ್ದಂದ್ರು, ನೀವು ಸುಮ್ನ ಕುಂತ್ರಿ. ಈಗ ಛಲೋ ಅದ ಅಂತ ನೀವ ಹೇಳ್ತೀರಿ. ನನಗ ಎರಡೂ ಬ್ಯಾಡ. ಬಾಜೂ ಕುಂತು ಮ್ಯಾಚ್ ನೋಡ್ರಿ, ಅಷ್ಟ ಸಾಕು."

ನಾನು ಮರೆತಿದ್ದೆ ಎಂದರೆ ಸುಳ್ಳು. ನಮ್ಮ ಮದುವೆಯಾದ ಮೂರನೇ ತಿಂಗಳಿಗೆ ನಾನು ಜರ್ಮನಿಗೆ ಬರಬೇಕಿದ್ದ ಪ್ರಾಜೆಕ್ಟು ರದ್ದಾಗಿ, ಇದ್ದ ಕೆಲಸವೂ ಹೋಗಿತ್ತು. ಅದೇ ಸಮಯಕ್ಕೆ ಅಕ್ಕನ ಮಗುವಿನ ತೊಟ್ಟಿಲು ಕಾರ್ಯಕ್ರಮ. ಊಟದ ಪಂಕ್ತಿಯಲ್ಲಿ ನಮ್ಮ ಸೋದರತ್ತೆ ಎಲ್ಲರಿಗೂ ಕೇಳುವಂತೆ, ಹುಡುಗಿ ಕಾಲಿಟ್ಟಿದ್ದೇ ಹಿಂಗಾತು, ಕಾಲ್ಗುಣ ಅಂದ್ರ ಸುಮ್ನ ಅಲ್ಲ ಎಂದರು. ಹೆಂಡತಿ ಅಲ್ಲೇ ಬಡಿಸುತ್ತಿದ್ದಳು, ಹೋಳಿಗೆಯ ಬುಟ್ಟಿ ಕೈಯಲ್ಲಿತ್ತು. ನಾನು ತಲೆ ಎತ್ತಲಿಲ್ಲ. ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ. ಅವರು ಹಿರಿಯರು, ಏನೋ ಅಂದರು, ಬಿಡು ಎಂದು ಆಮೇಲೆ ನಾನು ಸಮಾಧಾನ ಹೇಳಿದ ನೆನಪು. ಆಗ ಕಾಲ್ಗುಣ ಎಂಬುದೆಲ್ಲ ಮೂಢನಂಬಿಕೆ ಎಂದೂ ಅವಳಿಗೆ ಉಪದೇಶ ಮಾಡಿದ್ದೆ. ಅಂಥವನು, ಮುಂದೆ ಬೇರೆ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ, ಒಂಬತ್ತು ವರ್ಷದಿಂದ ಕೆಲ್ಲರಿನಲ್ಲಿ ಟೈರು ಕಾಯುತ್ತಿದ್ದೆ.

ಭಾನುವಾರ ನಮ್ಮ ಏಳು ವರ್ಷದ ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋದಳು. ನಾನು ಸೋಫಾದಲ್ಲಿ ಹೆಂಡತಿಯ ಪಕ್ಕ ಕೂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ನನ್ನನ್ನು ನೋಡಿ, ಬುಟ್ಟಿಯಿಂದ ಎರಡು ಗಡ್ಡೆ ಬೆಳ್ಳುಳ್ಳಿ ತೆಗೆದು ತಟ್ಟೆಯಲ್ಲಿಟ್ಟು, ಇದನ್ನ ನೀವು ಸುಲೀರಿ ಎಂದು ನನ್ನ ಮಡಿಲಿಗೆ ಕೊಟ್ಟಳು. ಇಪ್ಪತ್ತನೇ ನಿಮಿಷಕ್ಕೆ ನಮ್ಮವರು ಗೋಲು ಹೊಡೆದರು. ನಾನು ನೋಡುತ್ತಿದ್ದಾಗಲೇ, ನನ್ನ ಕಣ್ಣೆದುರಿಗೇ. ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದಳು, ಬೆಳ್ಳುಳ್ಳಿ ನೆಲಕ್ಕೆ ಚೆಲ್ಲಿತು. ಅವಳ ಫೋನು ಸೀಟಿ ಊದಿತು. ನಾನು ಇಷ್ಟು ವರ್ಷ ಏನು ಕಳೆದುಕೊಂಡೆ ಎಂದು ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು.

ಎರಡನೇ ಅರ್ಧದಲ್ಲಿ ಎಲ್ಲ ಕೆಟ್ಟಿತು. ಬಲಬದಿಯ ಡಿಫೆಂಡರು ಜಾರಿಬಿದ್ದ, ನೀಲಿಯವರು ಸಮ ಮಾಡಿಕೊಂಡರು. ನಾನು ಏಳಲು ಹೋದೆ. ಅವಳು ಅಂಗಿಯ ತುದಿ ಹಿಡಿದು ಕೂರಿಸಿದಳು. ಮುಗಿಯಲು ಎರಡು ನಿಮಿಷವಿರುವಾಗ ನಮ್ಮ ಗೋಲ್‌ಕೀಪರನ ಕೈಯಿಂದ ಚೆಂಡು ಜಾರಿ ಎರಡನೇ ಗೋಲು. ಸೋತೆವು. ನಾನು ತಟ್ಟೆಯನ್ನು ನೆಲಕ್ಕೆ ಇಟ್ಟೆ, ಇಟ್ಟೆ ಎನ್ನುವುದಕ್ಕಿಂತ ಕುಕ್ಕಿದೆ. ನಾನು ಮೊದಲೇ ಹೇಳಿದ್ದೆ ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ನನ್ನ ಬೆನ್ನ ಮೇಲೆ ಕೈಯಿಟ್ಟು, ಹನ್ನೊಂದು ಮಂದಿಗೆ ಆಡಾಕ ಬರಲಿಲ್ಲ ಅಂದ್ರ ನೀವೇನ್ ಮಾಡ್ತೀರಿ, ನಿಮ್ಮ ಕಾಲ್ಗುಣಕ್ಕ ಏನೂ ಆಗಿಲ್ಲ ಎಂದಳು. ಆ ಪಂಕ್ತಿಯಲ್ಲಿ ನಾನು ಆಡಬೇಕಿದ್ದ ಮಾತನ್ನು ಅವಳು ನನಗೆ ಆಡಿದಳು. ನನಗೆ ಅದು ಆಗಲೇ ಹೊಳೆಯಿತು. ಹೇಳಬೇಕೆಂದು ತಿರುಗಿದೆ.

ಫೋನು ಬಂತು. ಈಗ ಡ್ಯೂಸೆಲ್ಡಾರ್ಫ್‌ನಲ್ಲಿರುವ ಆ ಉಡುಪಿಯ ರೂಮ್‌ಮೇಟ್. ಗೆದ್ದ ದಿನ ಅವನು ಬಿಡುವವನಲ್ಲ. ವಿಡಿಯೊದಲ್ಲಿ ನೀಲಿ ಅಂಗಿ ತೊಟ್ಟು ಕೂತಿದ್ದ. ಕೆಲ್ಲರಿನಿಂದ ಯಾವಾಗ ಮೇಲೆ ಬಂದೆ ಎಂದು ಕೇಳಿದ. ಇವತ್ತು ಹೋಗಲೇ ಇಲ್ಲ, ಇಬ್ಬರೂ ಕೂತು ನೋಡಿದೆವು ಎಂದೆ. ಅವನು ತೊಡೆ ತಟ್ಟಿ ನಕ್ಕ.

"ಇಬ್ಬರೂ ಇದ್ದು ಸೋತದ್ದಾ? ಹಾಗಾದ್ರೆ ಅತ್ತಿಗೆಯ ಕಾಲ್ಗುಣವೂ ಮುಗೀತು ಮಾರಾಯ."

ನಾನು ನಕ್ಕೆ. ಯಾಕೆ ನಕ್ಕೆನೋ ಇವತ್ತಿಗೂ ಹೇಳಲಾರೆ. ಹಾಸ್ಟೆಲಿನ ಅಭ್ಯಾಸ, ಅವನು ನಕ್ಕರೆ ನಾನೂ ನಗುವುದು. ಮರುಕ್ಷಣ ನಿಲ್ಲಿಸಿದೆ, ಆದರೆ ನಕ್ಕಾಗಿತ್ತು. ಅವಳು ನೆಲಕ್ಕೆ ಬಿದ್ದಿದ್ದ ಬೆಳ್ಳುಳ್ಳಿ ಎಸಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಫೋನಿಟ್ಟ ಮೇಲೆ ಅವಳ ಹಿಂದೆ ಅಡುಗೆಮನೆಗೆ ಹೋದೆ. ಅವನು ಚೇಷ್ಟೆಗೆ ಅಂದದ್ದು, ಅವನ ಸ್ವಭಾವ ನಿನಗೆ ಗೊತ್ತಲ್ಲ ಎಂದೆ.

"ಅಂವಾ ಅನ್ಲಿ ಬಿಡ್ರಿ," ಎಂದಳು. "ನೀವು ನಕ್ರಿ."

ರೂಮ್‌ಮೇಟ್‌ಗೆ ಮರುದಿನ ಫೋನ್ ಮಾಡಿ ಬೈದೆ. ಅವನು ಪಾಪ ಗಾಬರಿಯಾಗಿ ಕ್ಷಮೆ ಕೇಳಿದ. ಅದನ್ನು ಅವಳಿಗೆ ಹೇಳಿದಾಗ ಅವಳು, ಅವನನ್ನು ಯಾಕೆ ಬೈದಿರಿ ಎಂದಷ್ಟೇ ಕೇಳಿದಳು. ಊರಿಗೆ ಫೋನ್ ಮಾಡಿ ಸೋದರತ್ತೆಯ ಹತ್ತಿರ ಮಾತಾಡಲೇ ಎಂದೂ ಯೋಚಿಸಿದೆ. ಇಷ್ಟು ವರ್ಷದ ಮೇಲೆ ಏನೆಂದು ಶುರು ಮಾಡುವುದು? ಯೋಚನೆಯಲ್ಲೇ ವಾರ ಕಳೆಯಿತು.

ಮುಂದಿನ ಶನಿವಾರ ಎರಡನೇ ಮ್ಯಾಚು, ಬೇರೆ ಕ್ಲಬ್ಬಿನ ಎದುರು. ಅವಳು ಕೋಣೆಯಲ್ಲಿ ಬಟ್ಟೆ ಮಡಚಲು ಹೋದಳು. ಕರೆದೆ, ನೀವು ನೋಡ್ರಿ ಎಂದಳು. ನಾನೊಬ್ಬನೇ ಸೋಫಾದಲ್ಲಿ ಕೂತೆ, ಅವಳು ಕೂರುವ ಜಾಗ ಬಿಟ್ಟು. ಮೊದಲ ಗೋಲು ಬಂತು. ಕೋಣೆಯೊಳಗಿನಿಂದ ಅವಳ ಫೋನಿನ ಸೀಟಿ ಕೇಳಿತು. ಎರಡನೆಯದು ಬಂತು, ಮತ್ತೆ ಸೀಟಿ. ಮೂರನೆಯದಕ್ಕೂ. ಮೂರೂ ನಮ್ಮವೇ. ನಾನು ಕೂತು ನೋಡಿದ ಮ್ಯಾಚಿನಲ್ಲಿ ನಮ್ಮವರು ಗೆದ್ದಿದ್ದರು, ಅದೂ ಅವಳು ಕೂರದ ದಿನ. ಗೆದ್ದರು ಎಂದು ಈಗ ಯಾವ ಬಾಯಲ್ಲಿ ಹೇಳಲಿ?

ಅವಳು ಮಡಚಿದ ಬಟ್ಟೆಯನ್ನೂ ಅದರ ಮೇಲೆ ಫೋನನ್ನೂ ಇಟ್ಟುಕೊಂಡು ಹೊರಗೆ ಬಂದು, ಏನಾತ್ರಿ ಎಂದು ಕೇಳಿದಳು.

"ಡ್ರಾ ಆತು," ಎಂದೆ.

"ಹೌದಾ," ಎಂದು ನನ್ನ ಅಂಗಿಗಳನ್ನು ಸೋಫಾದ ಮೇಲೆ, ತಾನು ಕೂರುವ ಜಾಗದಲ್ಲಿ ಇಟ್ಟು ಹೋದಳು.