ಚನ್ನಕ್ಕನ ಕಿಟಕಿ

ಪೀಣ್ಯದ ಗಾಜಿನ ಮಣಿಯ ಶೆಡ್ಡಿನಲ್ಲಿ ಮಣಿ ಮಾಡುವವರಿಗಿಂತ ಅದರ ತೂತು ತೊಳೆಯುವ ಚನ್ನಕ್ಕನ ಗತ್ತೇ ಜಾಸ್ತಿ. ಮಣಿ ಮಾಡಲು ಕಂಬಿಗೆ ಸುತ್ತುವ ಕರಗಿದ ಗಾಜು ಅದಕ್ಕೆ ಅಂಟದಿರಲೆಂದು ಬಳಿದ ಬಿಳಿ ಮಣ್ಣು ಮಣಿಯ ತೂತಿನೊಳಗೆ ಉಳಿದುಬಿಡುತ್ತದೆ. ಅದನ್ನು ಅವಳು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಸೂಜಿಯಂಥ ಅರ ಆಡಿಸಿ ತೆಗೆಯುತ್ತಾಳೆ. ಯಾರಾದರೂ ನೀರಿಲ್ಲದೆ ಕೆರೆದರೆ, “ಒಣಾದು ಕೆರೀಬ್ಯಾಡ್ರಿ, ಧೂಳ ಎದ್ಯಾಗ ಹೋಗತೈತಿ,” ಎಂದು ಗದರುತ್ತಾಳೆ. ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿ ನಲ್ಲಿ ನೀರು ಸಣ್ಣಗೆ ಬಂದರೆ ಅದಕ್ಕೂ ಅರ ಹಾಕುತ್ತಾಳೆ. ಹೋಟೆಲಿನ ಉದ್ದಿನವಡೆಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಬಾಯಿಗಿಡುತ್ತಾಳೆ. ತೊಳೆದ ಪ್ರತಿ ಮಣಿಯನ್ನೂ ಎಡಗಣ್ಣು ಮುಚ್ಚಿ, ಮಸಿ ಹಿಡಿದ ಕಿಟಕಿಯ ಕಡೆಗೇ ತಿರುಗಿಸಿ, ನಿಧಾನವಾಗಿ ಪರೀಕ್ಷಿಸುತ್ತಾಳೆ. “ಬಾಗಿಲ ಹತ್ರ ಬೆಳಕು ಚೆನ್ನಾಗಿದೆ, ಅಲ್ಲಿ ಕೂತ್ಕೊಳಿ ಚನ್ನಕ್ಕ,” ಎಂದು ಶೆಡ್ಡಿನ ಮಾಲೀಕ ಮುನಿರಾಜು ಅವಳ ಸ್ಟೂಲನ್ನು ಸರಿಸಿದರೆ, “ಅಲ್ಲಿಂದ ನನಗ ತೂತು ಕಾಣಂಗಿಲ್ರಿ,” ಎಂದು ಮತ್ತೆ ಕಿಟಕಿಗೇ ಎಳೆದು ತರುತ್ತಾಳೆ. ಆ ಕಿಟಕಿಯಿಂದ ಕಾಣುವುದು ಎದುರಿನ ಕಾರ್ಖಾನೆಯ ಗೇಟು. ಗೇಟಿನಲ್ಲಿ ಸೆಕ್ಯುರಿಟಿಯ ನೀಲಿ ಅಂಗಿ ತೊಟ್ಟು, ಬಂದುಹೋಗುವವರ ಚೀಲ ನೋಡುತ್ತ ಕೂರುವವಳು ಅವಳ ತಂಗಿ ಶಿವಗಂಗಾ. ಒಂದೇ ಬಸ್ಸಿನಲ್ಲಿ ಊರಿನಿಂದ ಬಂದು ಒಂದೇ ಕೋಣೆಯಲ್ಲಿದ್ದವರು, ಜಗಳವಾಡಿ ತಂಗಿ ಬೇರೆ ಕೋಣೆ ಹಿಡಿದ ಮೇಲೆ ಮಾತು ಬಿಟ್ಟಿದ್ದಾರೆ. ಶಿವಗಂಗಾಳಿಗೆ ವಾರದ ರಜೆಯಿರುವ ದಿನ ಮಾತ್ರ ಚನ್ನಕ್ಕ ಮಣಿಯನ್ನು ಕಣ್ಣಿಗೆ ಹಿಡಿಯುವುದಿಲ್ಲ. ಒಂದು ದಾರ ತೂರಿಸಿ ನೋಡಿ, “ಸ್ವಚ್ಛ ಐತಿ,” ಎಂದು ಡಬ್ಬಿಗೆ ಹಾಕುತ್ತಾಳೆ.