ಕೆಂಪು ಬಟ್ಟೆಯ ಐದು ಚೌಕಗಳಲ್ಲಿ ಹೆಚ್ಚಾದ ಬಳಚು

ಮೇ 4, ಬೆಳಿಗ್ಗೆ 6.40. ನನ್ನ ಮೊದಲ ಎಣಿಕೆ ಶುರುವಾದದ್ದು ಆಗ, ಅಘನಾಶಿನಿಯ ಅಳಿವೆಯಲ್ಲಿ, ಮೊಣಕಾಲಿನ ತನಕ ಕೆಸರಿನಲ್ಲಿ. ನೀರು ಪೂರ್ತಿ ಇಳಿದಿತ್ತು. ಮತ್ತೆ ಏರುವ ಮೊದಲು ಎರಡು ಗಂಟೆ ಸಿಗುತ್ತದೆ ಎಂದು ಹೇಳಿದ್ದರು.

ನಾನು ಹೊನ್ನಾವರದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರದ ಸಂಶೋಧನೆ ಕಲಿಸುವ ಆರು ವಾರಗಳ ಕಾರ್ಯಕ್ರಮಕ್ಕೆ ಎಂಟು ಜನ ಆಯ್ಕೆಯಾಗಿ ಕುಮಟಾದಲ್ಲಿ ಉಳಿದುಕೊಂಡಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ. ನನ್ನದು ಬಳಚಿನದು, ಅಂದರೆ ಅಳಿವೆಯ ಕೆಸರಿನಲ್ಲಿ ಹುದುಗಿರುವ, ನಾವು ಮನೆಯಲ್ಲಿ ಸುಕ್ಕಾ ಮಾಡಿ ತಿನ್ನುವ ಚಿಪ್ಪಿನದು. ಹೆಂಗಸರು ದಿನಾ ಬಳಚು ಆರಿಸುವ ಜಾಗದಲ್ಲಿ ಅದರ ಮರಿಗಳು ಕಡಿಮೆ ಇರುತ್ತವೆಯೇ? ಕೊನೆಯಲ್ಲಿ ಒಳ್ಳೆಯ ವರದಿ ಕೊಟ್ಟ ಒಬ್ಬರಿಗೆ ಡಿಸೆಂಬರ್‌ವರೆಗೆ ಕೆಲಸ ಮುಂದುವರಿಸುವ ಅವಕಾಶವಿತ್ತು. ಅದು ನನಗೆ ಬೇಕೇ ಬೇಕಿತ್ತು. ಡೈರಿಯ ಮೊದಲ ಪುಟದಲ್ಲಿ ಹಾಗೆಂದೇ ಬರೆದಿದ್ದೇನೆ.

ಕಾಯ್ಕಿಣಿಯ ನಮ್ಮ ಮನೆಯವರಿಗೆ ಭತ್ತ ಗೊತ್ತು, ಶೇಂಗಾ ಗೊತ್ತು. ಬಳಚು ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬರುವ ವಸ್ತು. ಕೆಸರಿನೊಳಗೆ ಕೈಯಿಟ್ಟು ಅದನ್ನು ಹುಡುಕಿದ್ದು ಅವತ್ತೇ ಮೊದಲು.

ಪೈಪಿನಿಂದ ಮಾಡಿದ ಅರ್ಧ ಮೀಟರಿನ ಚೌಕಟ್ಟನ್ನು ಕೆಸರಿನ ಮೇಲಿಡುವುದು, ಅದರೊಳಗಿನದನ್ನು ಒಂದು ಗೇಣು ಆಳಕ್ಕೆ ತೆಗೆದು ಜರಡಿ ಹಿಡಿಯುವುದು, ಸಿಕ್ಕ ಬಳಚನ್ನೆಲ್ಲ ಎಣಿಸಿ, ಅಳೆದು, ವಾಪಸು ಅಲ್ಲೇ ಬಿಡುವುದು. ಹೆಂಗಸರು ಆರಿಸುವ ಕಡೆ ಐದು ಚೌಕ, ಯಾರೂ ಹೋಗದ ಆಚೆ ದಂಡೆಯಲ್ಲಿ ಐದು. ಮುಂದಿನ ಸಲ ಗುರುತು ಸಿಗಲೆಂದು ಆರಿಸುವ ಕಡೆಯ ಚೌಕಗಳಿಗೆ ಬಿದಿರು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಆಚೆ ದಂಡೆಯಲ್ಲಿ ಕಲ್ಲುಗಳ ಗುರುತೇ ಸಾಕಾಯಿತು.

ಮೊದಲ ದಿನ ಕೆಂಪು ಬಟ್ಟೆಯ ಚೌಕಗಳಲ್ಲಿ 11, 9, 14, 7, 10. ಒಟ್ಟು 51. ಆಚೆ ದಂಡೆಯಲ್ಲಿ 74. ನಾಲ್ಕನೆಯ ಚೌಕದಲ್ಲಿ ಏಳೇ ಸಿಕ್ಕಾಗ ನಾನು ಜರಡಿಯನ್ನು ಮೂರು ಸಲ ಜಾಲಿಸಿದೆ. ಸ್ವಲ್ಪ ದೂರದಲ್ಲಿ ನಾಲ್ಕು ಜನ ಹೆಂಗಸರು ಕೆಸರಿನಲ್ಲಿ ಕೂತು ಆರಿಸುತ್ತಿದ್ದರು. ಅವರಲ್ಲಿ ಹಿರಿಯಾಕೆ ಕೂಗಿ ಕೇಳಿದಳು: "ಎಂತ ಹುಡ್ಗಿ, ಎಷ್ಟಾತು?"

"ಏಳೇ, ಅಕ್ಕಾ."

"ಏಳಾ? ಒಂದು ಒಗ್ಗರಣೆಗೂ ಸಾಲ್ದಲ್ಲೇ!"

ನಾಲ್ವರೂ ನಕ್ಕರು. ನಾನೂ ನಕ್ಕೆ, ಆದರೆ ಪೆಚ್ಚಾಗಿಯೇ.

ಮುಂದಿನ ದೊಡ್ಡ ಇಳಿತ ಬಂದದ್ದು ಮೇ 18ರಂದು. ಆಚೆ ದಂಡೆಯಲ್ಲಿ 72, ಹೆಚ್ಚುಕಡಿಮೆ ಮೊದಲಿನಷ್ಟೇ. ಕೆಂಪು ಬಟ್ಟೆಯ ಚೌಕಗಳಲ್ಲಿ 29, 34, 31, 38, 31. ಒಟ್ಟು 163! ಎರಡು ಸಲ ಕೂಡಿಸಿದೆ. ಆರಿಸಿದಷ್ಟೂ ಮರಿ ಹೆಚ್ಚುತ್ತದೆಯೇ? ಕೆಸರು ಕೆದಕಿದ್ದರಿಂದ ಜಾಗ ಸಡಿಲವಾಯಿತೇ? ಬಸ್ಸಿನಲ್ಲಿ ಬರುವಾಗಲೇ ವರದಿಯ ಮೊದಲ ವಾಕ್ಯ ಬರೆದುಬಿಟ್ಟೆ.

ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಒಟ್ಟು ಮೊತ್ತವನ್ನು ನೋಡಲೇ ಇಲ್ಲ, ಅಳತೆಯ ಪುಟ ನೋಡಿದರು. "ಹೆಚ್ಚಾದವೆಲ್ಲ ಹನ್ನೆರಡರಿಂದ ಹದಿನಾರು ಮಿಲಿಮೀಟರ್ ಒಳಗೇ ಇವೆ. ಯಾಕೆ? ತಾವಾಗಿ ಬೆಳೆದದ್ದಾದರೆ ಸಣ್ಣದು ದೊಡ್ಡದು ಎಲ್ಲ ಬೆರೆತಿರಬೇಕಿತ್ತು. ಅಲ್ಲಿ ಯಾರನ್ನಾದರೂ ಕೇಳಿದೆಯಾ?"

ಕೇಳಿರಲಿಲ್ಲ.

ಮರುದಿನ 7.25ಕ್ಕೆ ಹಿರಿಯಾಕೆಯ ಎದುರು ಹೋಗಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: "ಈ ಸಲ ಸಾಕಾತಾ? ಸಾಲ್ದಿದ್ರೆ ಹೇಳೆ, ಇನ್ನೂ ನಾಕು ಮುಷ್ಟಿ ಹಾಕ್ವ."

"ನೀವು ಹಾಕಿದ್ದಾ ಅಕ್ಕಾ?"

"ಮತ್ತೆಂತ, ಅದ್ಕೆ ಕಾಲು ಬಂದ್ಕಂಡು ನಿನ್ನ ಕೋಲು ಹುಡ್ಕಂಡು ಬಂತಾ? ಸಣ್ಣದನ್ನ ನಾವು ಮನೆಗೆ ತಕಂಡು ಹೋಗೂದಿಲ್ಲ. ಯಾವಾಗ್ಲೂ ಆ ಗುಂಡಿ ಬದಿಗೆ ಒಗಿತಿದ್ವಿ. ಅವತ್ತು ಏಳು ಅಂದ್ಕಂಡು ಮೋರೆ ಸಣ್ಣ ಮಾಡ್ಕಂಡು ಕೂತಿದ್ಯಲೆ, ಪಾಪ, ಹುಡ್ಗಿ ಪಾಸಾಗ್ಲಿ ಅಂದ್ಕಂಡು ನಿನ್ನ ಕೋಲಿನ ಬುಡಕ್ಕೆ ಹಾಕ್ದ್ವಿ."

ಪಕ್ಕದವಳು ಸೇರಿಸಿದಳು: "ಐದ್ಕೂ ಸಮಾ ಹಂಚಿದ್ದೆ ನಾನು. ಒಂದ್ಕೆ ಹೆಚ್ಚು ಒಂದ್ಕೆ ಕಡ್ಮೆ ಆದ್ರೆ ಮಾಸ್ತರ್ರು ಬೈತ್ರು ಅಂತ."

ನನ್ನ ಹದಿನೈದು ದಿನದ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನು ಹಾಕಬೇಡಿ, ಇದರಿಂದ ನನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂದು ವಿವರಿಸಿದೆ. ಹಿರಿಯಾಕೆ ಕೈ ತೊಳೆದುಕೊಳ್ಳುತ್ತ, "ಹಾಕಿದ್ರೂ ನಾಪಾಸು, ಹಾಕ್ದಿದ್ರೂ ನಾಪಾಸು. ಎಂತಾ ಶಾಲೆ ಮಾರಾಯ್ತಿ ಇದು!" ಎಂದಳು.

ಆಮೇಲೆ ಅವಳು ತೋರಿಸಿದ ಗುಂಡಿಯ ಬದಿಗೆ ಹೋಗಿ ಒಂದೇ ಒಂದು ಚೌಕ ತೆಗೆದು ನೋಡಿದೆ. 96. ಹತ್ತು ಮಿಲಿಮೀಟರಿನಿಂದ ನಲವತ್ತರವರೆಗೆ ಎಲ್ಲ ಅಳತೆಯವೂ ಇದ್ದವು. ಅಲ್ಲಿಗೇ ಯಾಕೆ ಒಗೆಯುತ್ತೀರಿ ಎಂದು ಕೇಳಿದರೆ ಸಿಕ್ಕ ಉತ್ತರ ಇಷ್ಟೇ: "ಅತ್ತೆ ಅಲ್ಲೇ ಒಗಿತಿದ್ರು. ನೀರು ಇಳ್ದ್ರೂ ಅಲ್ಲಿ ಕೆಸರು ಒಣಗೂದಿಲ್ಲ."

ಜೂನ್ 2ರಂದು, ಮಳೆಯಲ್ಲಿ, ಕೊನೆಯ ಎಣಿಕೆ. ಕೆಂಪು ಬಟ್ಟೆಯ ಚೌಕಗಳಲ್ಲಿ 163ರಿಂದ 121ಕ್ಕೆ ಇಳಿದಿತ್ತು. ಕಡಿಮೆಯಾದ 42 ಸತ್ತವೋ, ಏಡಿ ತಿಂದಿತೋ, ತಾವೇ ಜಾಗ ಬದಲಿಸಿದವೋ ಗೊತ್ತಾಗಲಿಲ್ಲ. ಖಾಲಿ ಚಿಪ್ಪು ಸಿಕ್ಕಿದ್ದು ಒಂಬತ್ತು ಮಾತ್ರ.

ಜೂನ್ 11ರಂದು ಕಾರ್ಯಕ್ರಮ ನಡೆಸುವವರ ಎದುರು ಹತ್ತು ನಿಮಿಷ ವರದಿ ಒಪ್ಪಿಸಿದೆ. 163ನ್ನು ತೋರಿಸಿದೆ, ಅದು ಹೇಗೆ ಬಂತೆಂದೂ ಹೇಳಿದೆ. "ಹಾಗಾದರೆ ಆರಿಸುವುದರಿಂದ ಮರಿ ಕಡಿಮೆಯಾಗುತ್ತದೆಯೋ ಇಲ್ಲವೋ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಡಿಸೆಂಬರ್‌ವರೆಗಿನ ಅವಕಾಶ ಕಪ್ಪೆಗಳ ಕೂಗು ಎಣಿಸಿದ ಹುಡುಗನಿಗೆ ಹೋಯಿತು. ಎರಡು ದಿನ ಬೇಜಾರಾಗಿದ್ದೆ. ಮೂರನೆಯ ದಿನ ಡೈರಿಯಲ್ಲಿ ಆ ಗುಂಡಿಯ ಹೆಸರಿನಲ್ಲಿ ಹೊಸ ಪುಟ ತೆರೆದೆ. ಮಳೆಗಾಲ ಕಳೆದ ಮೇಲೆ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತ ನೋಡಿಕೊಂಡು, ರಜೆಯ ದಿನಗಳಲ್ಲಿ ನಾನೇ ಹೋಗಿ ಎಣಿಸಬೇಕೆಂದಿದ್ದೇನೆ.

ಒಂದು ಗುಂಡಿಯ ಒಂದು ಚೌಕದಿಂದ ಏನನ್ನೂ ಹೇಳಲು ಬರುವುದಿಲ್ಲ. ಶರಾವತಿಯ ಅಳಿವೆಯಲ್ಲಿ, ಭಟ್ಕಳದ ಕಡೆಯ ಹೊಳೆಗಳಲ್ಲಿ ಬಳಚು ಆರಿಸುವವರೂ ಸಣ್ಣದನ್ನು ಹೀಗೆ ಗೊತ್ತಾದ ಜಾಗಕ್ಕೇ ಒಗೆಯುತ್ತಾರೆಯೇ? ಆ ಜಾಗವನ್ನು ಯಾರು ಗೊತ್ತುಮಾಡಿದರು, ಅಲ್ಲಿಂದ ಮತ್ತೆ ಆರಿಸುವುದು ಯಾವಾಗ? ನಿಮ್ಮ ಮನೆಯಲ್ಲಿ ತಿಳಿದವರಿದ್ದರೆ ಕೇಳಿ, ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಸಾಧ್ಯವಾದರೆ ಯಾವ ತಿಂಗಳು ಎಂಬುದನ್ನೂ ಸೇರಿಸಿ.