ತೆರೇಸಮ್ಮನವರ ಮರದ ಹಣ್ಣು

ಜಯನಗರದ ಮಾರ್ಕೆಟ್ಟಿನಲ್ಲಿ ಹಲಸು ಬಿಡಿಸುವವರ ಪಕ್ಕ ಹಾದಾಗಲೆಲ್ಲ ಆ ವಾಸನೆ ನನ್ನನ್ನು ಅರವತ್ತರ ದಶಕದ ನಮ್ಮ ಮನೆಗೆ ಕರೆದೊಯ್ಯುತ್ತದೆ. ಆಗ ನಮ್ಮ ರಸ್ತೆ ಮುಗಿದಲ್ಲಿಂದ ರಾಗಿ ಹೊಲ ಶುರುವಾಗುತ್ತಿತ್ತು. ಪಕ್ಕದ ಮನೆಯಲ್ಲಿ ನಿವೃತ್ತ ನರ್ಸ್ ತೆರೇಸಮ್ಮ ಒಬ್ಬರೇ ಇದ್ದರು. ಪರರ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟದ ನನ್ನ ಅಜ್ಜಿ, ಹಣ್ಣಿಗೆ ಮೈಲಿಗೆಯಿಲ್ಲವೆಂದು ಅವರ ಮರದ ಹಲಸಿನ ತೊಳೆಗಳನ್ನು ಮಾತ್ರ ಕಾಂಪೌಂಡ್ ಗೋಡೆಯ ಮೇಲಿಂದ ತೆಗೆದುಕೊಳ್ಳುತ್ತಿದ್ದಳು. ಇಬ್ಬರ ಸ್ನೇಹವೆಲ್ಲ ಆ ಒಂದು ಹಿತ್ತಾಳೆ ತಟ್ಟೆಯ ಮೇಲೆ ನಿಂತಿತ್ತು.

ಒಂದು ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಬರುತ್ತಿದ್ದ ಅಜ್ಜಿ, ಅವರ ವರಾಂಡದಲ್ಲಿ ಹೊಸದಾಗಿ ತೂಗುಹಾಕಿದ್ದ ಪಟ ಕಂಡು ನಿಂತಳು. ಮರ, ಸೇಬು ಹಿಡಿದ ಹೆಂಗಸು, ಕೊಂಬೆಗೆ ಸುತ್ತಿಕೊಂಡ ಹಾವು. “ಅದು ಸೈತಾನ, ದೊಡ್ಡಮ್ಮ. ದೇವರು ಬೇಡ ಅಂದ ಹಣ್ಣು ತಿನ್ನಿಸಿ ಮನುಷ್ಯರನ್ನ ಕೆಡಿಸಿದ್ದು ಅದೇ,” ಎಂದರು ತೆರೇಸಮ್ಮ. ಅಜ್ಜಿ ಸರಸರನೆ ಮನೆಗೆ ಬಂದು ನಮ್ಮೆದುರು ಸಿಡುಕಿದಳು. “ನಾನು ಹಾಲೆರೆದು ಕೈಮುಗಿದು ಬಂದ್ರೆ, ಅವಳಿಗೆ ಅದು ಸೈತಾನನಂತೆ!” ಮರುದಿನ ಬಂದ ತಟ್ಟೆ ಗೋಡೆಯ ಮೇಲೆಯೇ ಉಳಿಯಿತು. ತೊಳೆಗಳಿಗೆ ನೊಣ ಮುತ್ತಿದವು.

ಕೆಲವು ದಿನಗಳ ಮೇಲೆ ತೆರೇಸಮ್ಮನವರೇ ಬೈಬಲ್ ಹಿಡಿದು ನಮ್ಮ ಜಗಲಿಗೆ ಬಂದರು. “ಓದಿ ನೋಡ್ದೆ ದೊಡ್ಡಮ್ಮ. ಈ ಕಥೆಯಲ್ಲಿ ಬರೀ ಸರ್ಪ ಅಂತಿದೆ, ಸೈತಾನ ಅಂತಿಲ್ಲ. ನಾನೂ ಪಟ ನೋಡೇ ನಂಬ್ಕೊಂಡಿದ್ದೆ. ಆ ಸರ್ಪಕ್ಕೆ ದೇವರು ಶಾಪ ಕೊಟ್ಟಿದ್ದು ಮಾತ್ರ ನಿಜ.”

“ನಿಮ್ಮ ದೇವರು ಶಾಪ ಕೊಡ್ಲಿ, ನಾವು ಹಾಲು ಹಾಕ್ತೀವಿ. ಹಣ್ಣು ಯಾವುದಂತೆ?”

“ಅದೂ ಬರೆದಿಲ್ಲ.”

“ಹಲಸಂತೂ ಅಲ್ಲ ಬಿಡಮ್ಮ. ಅದನ್ನ ಕದ್ದು ತಿಂದ್ರೆ ದೇವರು ಕೇಳೋದೇ ಬೇಡ, ಮೂಗಿದ್ರೆ ಸಾಕು!”

ಇಬ್ಬರೂ ನಕ್ಕರು. ಹಾಗೆಂದು ನನ್ನ ನೆನಪು. ಆದರೆ ಹಾವನ್ನು ಸೈತಾನನೆಂದು ಗುರುತಿಸಿದ್ದು ನಂತರದ ಬರಹಗಳು, ಸೇಬನ್ನು ಜನರ ಮನಸ್ಸಿನಲ್ಲಿ ನಿಲ್ಲಿಸಿದ್ದು ಯುರೋಪಿನ ಚಿತ್ರಕಾರರು ಎಂದು ನಾನು ಓದಿದ್ದು ವಿಶ್ವವಿದ್ಯಾಲಯದಲ್ಲಿ. ಆ ಓದನ್ನೇ ತೆರೇಸಮ್ಮನವರ ಬಾಯಿಗೆ ತುರುಕಿದ್ದೇನೆಯೇ? ಪಟದಲ್ಲಿ ಹಾವೇ ಇರಲಿಲ್ಲ, ಬರೀ ಮರವಿತ್ತು ಎನ್ನುತ್ತಾಳೆ ಅಕ್ಕ. ಕಥೆಯಲ್ಲಿ ಇಲ್ಲದ್ದನ್ನು ಚಿತ್ರಕಾರರು ಸೇರಿಸಿದ ಹಾಗೆ ನಾನೂ ಸೇರಿಸಿರಬಹುದು. ಕೇಳೋಣವೆಂದರೆ ಅಜ್ಜಿಯೂ ಇಲ್ಲ, ತೆರೇಸಮ್ಮನವರೂ ಇಲ್ಲ. ಎರಡೂ ಮನೆಗಳ ಜಾಗದಲ್ಲಿ ಈಗ ಒಂದೇ ಕಟ್ಟಡವಿದೆ. ಆದರೆ ಮುಂದಿನ ಬೇಸಿಗೆಯಲ್ಲಿ ಆ ತಟ್ಟೆ ಮತ್ತೆ ಗೋಡೆ ದಾಟಿ ಬಂತು, ಅಜ್ಜಿ ಎರಡೂ ಕೈ ಚಾಚಿ ತೆಗೆದುಕೊಂಡಳು. ಅದಕ್ಕೆ ಮಾತ್ರ ಅಕ್ಕನೂ ಇಲ್ಲವೆನ್ನುವುದಿಲ್ಲ.